ಎರಡನೇ ಸಲ ದುಡಿಯುವ ನೀರು

ಏಪ್ರಿಲ್ ತಿಂಗಳ ಸುಡು ಮಧ್ಯಾಹ್ನ. ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯಲ್ಲಿ ಹೊಸಕೋಟೆ ದಾಟಿ ಮುಂದೆ ಸಾಗಿದರೆ ನರಸಾಪುರ. ಕಾರ್ಖಾನೆಗಳ ತಗಡಿನ ಚಾವಣಿ ಬಿಸಿಲಿಗೆ ಹೊಳೆಯುತ್ತಿರುತ್ತದೆ, ಕಂಟೇನರ್ ಲಾರಿಗಳು ಸಾಲುಗಟ್ಟಿರುತ್ತವೆ. ಊರ ಕೆರೆಯ ಏರಿ ಹತ್ತಿ ನಿಂತರೆ ಕಾಣುವ ನೋಟವೇ ಬೇರೆ. ಗಾಳಿಗೆ ಸಣ್ಣಗೆ ಅಲೆಯೇಳುವ ನೀರು, ಬಲೆ ಬೀಸುವ ತೆಪ್ಪ, ದಡದ ಹಸಿರಿನಲ್ಲಿ ಮೇಯುವ ಹಸುಗಳು, ಅವುಗಳ ಕಾಲಬುಡದಲ್ಲೇ ಓಡಾಡುವ ಬೆಳ್ಳಕ್ಕಿಗಳು. ಮಾವಿನಕಾಯಿ ಬಲಿಯುವ ಹೊತ್ತಿಗೆ ಬಯಲುಸೀಮೆಯ ಕೆರೆಯಲ್ಲಿ ಇಷ್ಟು ನೀರಿರುವುದು ಸಾಮಾನ್ಯ ಸಂಗತಿಯಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದೆ ಈ ಸೀಮೆಯ ಹೆಚ್ಚಿನ ಕೆರೆಯಂಗಳಗಳಲ್ಲಿ ಬೇಸಿಗೆಯಲ್ಲಿ ಕಾಣುತ್ತಿದ್ದದ್ದು ಜಾಲಿ ಗಿಡ, ಬಿರುಕುಬಿಟ್ಟ ಹೂಳು, ಕ್ರಿಕೆಟ್ ಆಡುವ ಹುಡುಗರು.

ಈ ನೀರನ್ನು ತಂದದ್ದು ಮಳೆಯಲ್ಲ. ಬೆಂಗಳೂರಿನ ಜನ ಸ್ನಾನ ಮಾಡಿ, ಬಟ್ಟೆ ಒಗೆದು, ಪಾತ್ರೆ ತೊಳೆದು, ಶೌಚಾಲಯಕ್ಕೆ ಸುರಿದು ಹೊರಗೆ ಬಿಟ್ಟ ನೀರು ಇದು. ಶುದ್ಧೀಕರಣ ಘಟಕ ಹೊಕ್ಕು, ಪೈಪಿನಲ್ಲಿ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಸಾಗಿ ಕೋಲಾರದ ಕೆರೆಗಳಿಗೆ ಇಳಿದಿದೆ. ‘ಕೆ.ಸಿ. ವ್ಯಾಲಿ’ ಎಂಬ ಹೆಸರನ್ನು ಕೇಳದವರು ರಾಜ್ಯದಲ್ಲಿ ಕಡಿಮೆ. ಕೆಲವರಿಗೆ ಅದು ಕೋಲಾರಕ್ಕೆ ಜೀವ ಕೊಟ್ಟ ಯೋಜನೆ, ಕೆಲವರಿಗೆ ರಾಜಧಾನಿಯ ಕೊಳೆಯನ್ನು ಹಳ್ಳಿಯ ತಲೆಗೆ ಕಟ್ಟಿದ ಯೋಜನೆ. ಎರಡೂ ಮಾತಿನಲ್ಲಿ ಹುರುಳಿದೆ. ಹಾಗಾಗಿಯೇ ಈ ನೀರು ಎಲ್ಲಿಂದ ಹೇಗೆ ಬರುತ್ತದೆ, ಬಂದು ಏನು ಮಾಡುತ್ತದೆ ಎಂಬುದನ್ನು ಸಾವಧಾನವಾಗಿ ನೋಡಬೇಕು.

ನದಿಯಿಲ್ಲದ ಸೀಮೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಇಲ್ಲಿಯ ನೆಲವನ್ನು ಹಾದುಹೋಗುತ್ತವೆ, ಆದರೆ ಮಳೆ ಬಿದ್ದಾಗ ಮಾತ್ರ. ವರ್ಷಕ್ಕೆ ಬೀಳುವುದು ಏಳುನೂರು ಚಿಲ್ಲರೆ ಮಿಲಿಮೀಟರ್, ಅದೂ ಕೆಲವೇ ವಾರಗಳಲ್ಲಿ. ಇಷ್ಟರಲ್ಲೇ ಬದುಕಬೇಕಾದ ಜನ ಕಂಡುಕೊಂಡ ದಾರಿ ಕೆರೆ.

ಕೆರೆಗಳನ್ನು ಒಂಟಿಯಾಗಿ ಕಟ್ಟಲಿಲ್ಲ, ಸರಪಳಿಯಾಗಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಬಿಡುವವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ಎನ್ನುವ ಲೆಕ್ಕ ಅವನ ತಲೆಯಲ್ಲಿರುತ್ತಿತ್ತು, ಊರು ಅವನಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿತ್ತು. 19ನೇ ಶತಮಾನದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಸಂಸ್ಥಾನದ ಕೆರೆಗಳನ್ನು ಕಂಡು, ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದ ಮಾತು ಬರೆದಿಟ್ಟಿದ್ದಾರೆ.

ಆಮೇಲೆ ಕೊಳವೆಬಾವಿ ಬಂತು. ವಿದ್ಯುತ್ ಪಂಪು ಬಂತು. ಕೆರೆಗೆ ನೀರು ಹರಿದು ಬರುವ ಗೋಮಾಳ, ಗುಡ್ಡದ ಇಳಿಜಾರುಗಳಲ್ಲಿ ನೀಲಗಿರಿ ತೋಪು ಎದ್ದಿತು. ನೀರು ತನ್ನ ಹೊಲದ ಮೂಲೆಯಲ್ಲೇ ಸಿಗುವಾಗ ಕೆರೆಯ ಹೂಳೆತ್ತಲು ಯಾರು ಬರುತ್ತಾರೆ? ನೀರುಗಂಟಿಯ ಕೆಲಸ ನಿಂತಿತು, ರಾಜಕಾಲುವೆ ಒತ್ತುವರಿಯಾಯಿತು. ನೂರಾರು ಅಡಿಯಲ್ಲಿ ಸಿಗುತ್ತಿದ್ದ ನೀರು ಸಾವಿರ ಅಡಿಗೆ, ಹಲವೆಡೆ ಸಾವಿರದ ಐನೂರು ಅಡಿಗೆ ಇಳಿಯಿತು. ಅಷ್ಟು ಆಳದ ಬಂಡೆಯ ಸಂದಿಯಿಂದ ಬರುವ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಶಾಲೆಯ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ, ವಯಸ್ಸಾದವರ ಬಿಗಿದ ಮಂಡಿ ಹಾಗೂ ಬೆನ್ನು ಆ ನೀರಿನ ಗುರುತು. ಟೊಮೆಟೊ, ರೇಷ್ಮೆ, ಹಾಲು ಎಂದು ಹೆಸರು ಮಾಡಿದ ಜಿಲ್ಲೆ ತನ್ನ ನೆಲದಡಿಯ ಉಳಿತಾಯವನ್ನು ಬಗೆದು ಬಗೆದು ಆ ಹೆಸರು ಗಳಿಸಿತು. ಜಿಲ್ಲೆಯ ತಾಲ್ಲೂಕುಗಳೆಲ್ಲ ಅಂತರ್ಜಲದ ಅತಿಬಳಕೆ ಪಟ್ಟಿ ಸೇರಿದವು.

ಪಶ್ಚಿಮ ಘಟ್ಟದಿಂದ ಎತ್ತಿನಹೊಳೆ ನೀರು ಬರುತ್ತದೆ ಎಂಬ ಭರವಸೆ ಆಗಲೂ ಇತ್ತು, ಈಗಲೂ ಇದೆ. 2014ರಲ್ಲಿ ಅಡಿಗಲ್ಲು ಕಂಡ ಆ ಯೋಜನೆಯ ಮೊದಲ ಹಂತ ಚಾಲನೆಗೊಂಡದ್ದು 2024ರ ಸೆಪ್ಟೆಂಬರ್‌ನಲ್ಲಿ.

ಕಾವೇರಿಯ ಎರಡನೇ ಪಯಣ

ಬೆಂಗಳೂರಿಗೂ ಸ್ವಂತ ನದಿಯಿಲ್ಲ. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ನಗರಕ್ಕೆ ತರುತ್ತಾರೆ. ನಾಲ್ಕು ಹಂತಗಳು ಸೇರಿ ದಿನಕ್ಕೆ 145 ಕೋಟಿ ಲೀಟರ್ ಬರುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಐದನೇ ಹಂತದ ಸಾಮರ್ಥ್ಯ ಇನ್ನೂ 77.5 ಕೋಟಿ ಲೀಟರ್. ಮನೆಗೆ ಬಂದ ನೀರಿನ ಬಹುಪಾಲು ಬಳಕೆಯಾಗಿ ಚರಂಡಿ ಸೇರುತ್ತದೆ.

ಈ ಚರಂಡಿ ನೀರಿಗೆ ಹರಿಯಲು ಮೂರು ನಾಲ್ಕು ಕಣಿವೆಗಳಿವೆ. ಅವುಗಳಲ್ಲಿ ದೊಡ್ಡದು ಕೋರಮಂಗಲ-ಚಲ್ಲಘಟ್ಟ ಕಣಿವೆ, ಅದೇ ಕೆ.ಸಿ. ವ್ಯಾಲಿ. ಇದರ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿ ಸೇರುತ್ತದೆ. ನೊರೆಯಿಂದಲೂ ಬೆಂಕಿಯಿಂದಲೂ ದೇಶದ ಸುದ್ದಿಯಾದ ಬೆಳ್ಳಂದೂರು ಕೆರೆ ಇದೇ ಕಣಿವೆಯಲ್ಲಿದೆ.

ಸಣ್ಣ ನೀರಾವರಿ ಇಲಾಖೆ ಈ ನೀರನ್ನು ಕೋಲಾರಕ್ಕೆ ತಿರುಗಿಸುವ ಯೋಜನೆ ಹಾಕಿತು. ಸಂಸ್ಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಪಂಪ್ ಮಾಡಿ ಕೋಲಾರ ಜಿಲ್ಲೆ ಹಾಗೂ ಚಿಂತಾಮಣಿ ತಾಲ್ಲೂಕಿನ 126 ಕೆರೆಗಳನ್ನು ತುಂಬಿಸುವುದು ಗುರಿ. ಪೂರ್ಣ ಪ್ರಮಾಣದಲ್ಲಿ ಹರಿದರೆ ವರ್ಷಕ್ಕೆ ಐದೂವರೆ ಟಿಎಂಸಿ ಅಡಿಗೂ ಹೆಚ್ಚು ನೀರು. 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಇಳಿಯಿತು. ಅಲ್ಲಿಂದ ಮುಂದೆ ಕೆಲವೆಡೆ ಪಂಪು, ಉಳಿದಂತೆ ಹಳೆಯ ಕೆರೆ ಸರಪಳಿಯೇ ದಾರಿ. ನರಸಾಪುರ, ಸೋಮಾಂಬುಧಿ ಅಗ್ರಹಾರ ಹೀಗೆ ಒಂದರ ಕೋಡಿಯಿಂದ ಇನ್ನೊಂದಕ್ಕೆ ನೀರು ಇಳಿಯಿತು. ಶತಮಾನಗಳ ಹಿಂದೆ ಹೆಸರಿಲ್ಲದ ಕೈಗಳು ಇಳಿಜಾರು ಅಳೆದು ಕಟ್ಟಿದ ವ್ಯವಸ್ಥೆ ಸಿದ್ಧವಾಗಿ ಇಲ್ಲದಿದ್ದರೆ, ಇಷ್ಟೊಂದು ಕೆರೆಗಳಿಗೆ ಬೇರೆ ಬೇರೆ ಪೈಪು ಹಾಕಲು ಯಾವ ಬಜೆಟ್ಟೂ ಸಾಲುತ್ತಿರಲಿಲ್ಲ.

ಇದರ ಬೆನ್ನಿಗೇ ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆ ಬಂತು. ದಿನಕ್ಕೆ 21 ಕೋಟಿ ಲೀಟರ್, 65 ಕೆರೆಗಳು, ಹೆಚ್ಚಿನವು ಚಿಕ್ಕಬಳ್ಳಾಪುರ ಜಿಲ್ಲೆಯವು.

ಎರಡು ಹಂತದಲ್ಲಿ ಏನು ಹೋಗುತ್ತದೆ, ಏನು ಉಳಿಯುತ್ತದೆ

ಜಗಳವೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಶುದ್ಧೀಕರಣ ಘಟಕಕ್ಕೆ ಬಂದ ಕೊಳಚೆಯನ್ನು ಮೊದಲು ಕಬ್ಬಿಣದ ಜಾಲರಿಗಳಲ್ಲಿ ಹಾಯಿಸುತ್ತಾರೆ. ಪ್ಲಾಸ್ಟಿಕ್, ಬಟ್ಟೆಚೂರು ಅಲ್ಲಿ ನಿಲ್ಲುತ್ತವೆ. ಮರಳನ್ನು ಬೇರ್ಪಡಿಸಿ, ದೊಡ್ಡ ತೊಟ್ಟಿಗಳಲ್ಲಿ ನೀರನ್ನು ನಿಧಾನವಾಗಿ ನಿಲ್ಲಿಸಿದರೆ ಗಟ್ಟಿ ಅಂಶ ತಳಕ್ಕಿಳಿಯುತ್ತದೆ. ಇದು ಮೊದಲ ಹಂತ.

ಎರಡನೇ ಹಂತದಲ್ಲಿ ದುಡಿಯುವುದು ಸೂಕ್ಷ್ಮಜೀವಿಗಳು. ತೊಟ್ಟಿಗೆ ಗಾಳಿ ಊದಿದರೆ ಅವು ಕೋಟಿಗಟ್ಟಲೆ ಬೆಳೆದು ನೀರಿನಲ್ಲಿ ಕರಗಿದ ಜೈವಿಕ ಕೊಳೆಯನ್ನು ತಿಂದುಹಾಕುತ್ತವೆ. ಆಮೇಲೆ ಅವೇ ಕೆಸರಾಗಿ ಕೆಳಗಿಳಿಯುತ್ತವೆ, ಮೇಲೆ ಉಳಿದ ತಿಳಿನೀರಿಗೆ ಕ್ಲೋರಿನ್ ಬೆರೆಸಿ ಹೊರಗೆ ಬಿಡುತ್ತಾರೆ. ಕೊಳೆ ಎಷ್ಟು ಉಳಿದಿದೆ ಎಂದು ಅಳೆಯುವ ಒಂದು ಮಾನದಂಡ ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ಜೀವಿಗಳು ಕರಗಿಸಲು ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ ಅದು. ಹಸಿ ಕೊಳಚೆಯಲ್ಲಿ ಲೀಟರಿಗೆ ನೂರಾರು ಮಿಲಿಗ್ರಾಂ ಇರುತ್ತದೆ, ಚೆನ್ನಾಗಿ ನಡೆಯುವ ಘಟಕದಿಂದ ಹೊರಬರುವಾಗ ಹತ್ತರ ಆಸುಪಾಸಿಗೆ ಇಳಿದಿರಬೇಕು.

ಘಟಕ ಸರಿಯಾಗಿ ನಡೆದರೆ ದುರ್ವಾಸನೆ, ಕಪ್ಪು ಬಣ್ಣ, ಜೈವಿಕ ಕೊಳೆ ಹೋಗುತ್ತವೆ. ಆದರೆ ಎಲ್ಲವೂ ಹೋಗುವುದಿಲ್ಲ. ಸಾರಜನಕ, ರಂಜಕದ ಒಂದಷ್ಟು ಪಾಲು ಉಳಿಯುತ್ತದೆ. ಕೆರೆಯಲ್ಲಿ ಪಾಚಿ, ಜೊಂಡು ಮಿತಿಮೀರಿ ಬೆಳೆಯಲು ಅದೇ ಗೊಬ್ಬರ. ಕರಗಿದ ಲವಣ ಹಾಗೇ ಬರುತ್ತದೆ. ಜನ ನುಂಗಿದ ಮಾತ್ರೆಗಳ ಅಂಶ, ಸಣ್ಣ ಕಾರ್ಖಾನೆಗಳು ಕದ್ದು ಚರಂಡಿಗೆ ಬಿಟ್ಟ ಲೋಹದ ಅಂಶ ಇವುಗಳನ್ನು ಹಿಡಿಯಲೆಂದು ಈ ಘಟಕಗಳನ್ನು ಕಟ್ಟಿಲ್ಲ. ಮೂರನೇ ಹಂತ ಎನ್ನುವುದು ಇಲ್ಲಿಂದ ಮುಂದಿನದು. ಮರಳಿನ ಸೋಸುವಿಕೆ, ಪೊರೆಗಳು, ಇದ್ದಿಲು, ಅತಿನೇರಳೆ ಬೆಳಕು ಹೀಗೆ ಹಲವು ಬಗೆ. ಕೋಲಾರದ ಹೋರಾಟಗಾರರು ಮೊದಲ ದಿನದಿಂದ ಕೇಳುತ್ತಿರುವುದು ಇದನ್ನೇ.

ನೊರೆ ಕಂಡ ಜುಲೈ

ನೀರು ಬಂದ ಸಂಭ್ರಮ ಎರಡು ತಿಂಗಳೂ ಉಳಿಯಲಿಲ್ಲ. 2018ರ ಜುಲೈನಲ್ಲಿ ಕಾಲುವೆಯಲ್ಲಿ ಬೆಳ್ಳಂದೂರನ್ನು ನೆನಪಿಸುವ ಬಿಳಿ ನೊರೆ ಎದ್ದಿತು. ವರ್ಷಗಟ್ಟಲೆ ನೀರಿಗಾಗಿ ಬೀದಿಗಿಳಿದಿದ್ದ ಶಾಶ್ವತ ನೀರಾವರಿ ಹೋರಾಟ ಸಮಿತಿಯವರೇ ಹೈಕೋರ್ಟ್‌ಗೆ ಹೋದರು. ಕೋರ್ಟು ನೀರು ಬಿಡುವುದಕ್ಕೆ ತಡೆ ಕೊಟ್ಟಿತು, ಕೆಲವು ವಾರಗಳ ನಂತರ ಷರತ್ತಿನೊಂದಿಗೆ ಅವಕಾಶ ಕೊಟ್ಟಿತು. 2019ರಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಕೆಲಕಾಲ ತಡೆಯಾಜ್ಞೆ ಇದ್ದು, ಬಳಿಕ ತೆರವಾಯಿತು.

ಈ ಜನರನ್ನು ಅಭಿವೃದ್ಧಿಯ ವಿರೋಧಿಗಳೆಂದು ಜರೆದವರಿದ್ದಾರೆ. ಅದು ಅನ್ಯಾಯದ ಮಾತು. ನೀರಿಗಾಗಿ ಹೆಚ್ಚು ಹಂಬಲಿಸಿದವರೇ ಎಂಥ ನೀರು ಎಂದು ಕೇಳಿದರು. ಅವರು ಕೇಳದೆ ಹೋಗಿದ್ದರೆ ನೊರೆಯ ಬಗ್ಗೆ ಯಾವ ಕಡತವೂ ತೆರೆಯುತ್ತಿರಲಿಲ್ಲ, ಘಟಕಗಳ ಮೇಲೆ ಇಷ್ಟು ಕಣ್ಣೂ ಇರುತ್ತಿರಲಿಲ್ಲ.

ಬಾವಿಗೆ ಮರಳಿದ ಜೀವ

ಯೋಜನೆಯ ಮೂಲ ಷರತ್ತು ಸ್ಪಷ್ಟ. ಕೆರೆಯಿಂದ ನೇರವಾಗಿ ಪಂಪು ಇಟ್ಟು ಗದ್ದೆಗೆ ನೀರು ಎತ್ತುವಂತಿಲ್ಲ. ನೀರು ಕೆರೆಯಲ್ಲಿ ನಿಂತು, ನೆಲಕ್ಕೆ ಇಳಿದು, ಬಾವಿಯಲ್ಲಿ ಸಿಕ್ಕ ಮೇಲೆ ರೈತ ಅದನ್ನು ಬಳಸಬೇಕು. ಮಣ್ಣೇ ಒಂದು ಜರಡಿ ಎಂಬ ನಂಬಿಕೆ ಇದರ ಹಿಂದಿದೆ.

ಅಂತರ್ಜಲದ ಮಟ್ಟಿಗೆ ಫಲ ಕಣ್ಣಿಗೆ ಕಾಣುವಂತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಅಧ್ಯಯನಗಳು ತುಂಬಿದ ಕೆರೆಗಳ ಸುತ್ತಮುತ್ತ ನೀರಿನ ಮಟ್ಟ ಏರಿರುವುದನ್ನು ದಾಖಲಿಸಿವೆ. ಬತ್ತಿ ಬಿಟ್ಟಿದ್ದ ಕೊಳವೆಬಾವಿಗಳು ಮತ್ತೆ ನೀರು ಕೊಟ್ಟವು. ಕೆರೆಯ ಕೆಳಗಿನ ತೋಟಗಳಲ್ಲಿ ಹಿಪ್ಪುನೇರಳೆ, ತರಕಾರಿ, ಮೇವಿನ ಜೋಳ ಬೇಸಿಗೆಯಲ್ಲೂ ನಿಂತವು. ಹೈನುಗಾರಿಕೆಯನ್ನೇ ನೆಚ್ಚಿದ ಮನೆಗೆ ಹಸಿ ಮೇವು ಎಂದರೆ ದಿನದ ಸಂಬಳ. ಮೀನುಗಾರಿಕೆಗೂ ಮತ್ತೆ ದಾರಿ ತೆರೆಯಿತು. ಹೊಸ ಕೊಳವೆಬಾವಿಗೆ ಲಕ್ಷಗಟ್ಟಲೆ ಸಾಲ ಮಾಡಿ, ಬರೀ ದೂಳು ಕಂಡು ಮನೆಗೆ ಮರಳುವ ರೈತನ ಸಂಕಟ ಬಲ್ಲವರಿಗೆ ಈ ಬದಲಾವಣೆಯ ತೂಕ ಗೊತ್ತು.

ಹಾಗೆಂದು ಷರತ್ತು ಎಲ್ಲೆಡೆ ಉಳಿದಿಲ್ಲ. ಕಾಲುವೆಗೂ ಕೆರೆಗೂ ಕದ್ದು ಪಂಪು ಇಡುವ ದೂರುಗಳು ಮತ್ತೆ ಮತ್ತೆ ಬಂದಿವೆ. ಮೇಲಿನವರು ಎತ್ತಿದಷ್ಟೂ ಸರಪಳಿಯ ಕೊನೆಯ ಕೆರೆ ಒಣಗುತ್ತದೆ. ಹಿಂದೆ ಇಂಥ ವ್ಯಾಜ್ಯ ಊರಿನ ಕಟ್ಟೆಯ ಮೇಲೆ, ನೀರುಗಂಟಿಯ ಎದುರು ತೀರುತ್ತಿತ್ತು. ಈಗ ಅಧಿಕಾರಿಗಳು ಜೀಪಿನಲ್ಲಿ ಬಂದು ಪಂಪು ಕಿತ್ತುಹಾಕಬೇಕು, ಅವರು ಹೋದ ಮೇಲೆ ಪಂಪು ಮರಳಿ ಬರುತ್ತದೆ. ನೀರು ತಂದ ಸರ್ಕಾರ ನೀರುಗಂಟಿಯನ್ನೂ ಮರಳಿ ತರಬೇಕಿತ್ತು. ಪ್ರತಿ ಕೆರೆಗೂ ಊರಿನವರೇ ಇರುವ ಬಳಕೆದಾರರ ಸಂಘ, ಅದಕ್ಕೆ ಸಂಬಳದ ಒಬ್ಬ ನೀರುಗಂಟಿ ಇದ್ದರೆ ಕೋಟ್ಯಂತರ ರೂಪಾಯಿಯ ಯೋಜನೆಗೆ ಆಗುವ ಹೆಚ್ಚುವರಿ ಖರ್ಚು ಏನೇನೂ ಅಲ್ಲ.

ಬಂಡೆ ನೆಲದ ಮಿತಿ

ಮರುಬಳಕೆ ಹೊಸದಲ್ಲ. ನಮೀಬಿಯಾದ ರಾಜಧಾನಿ ವಿಂಡ್‌ಹುಕ್ 1968ರಿಂದಲೇ ಕೊಳಚೆಯನ್ನು ಕುಡಿಯುವ ಮಟ್ಟಕ್ಕೆ ಶುದ್ಧಗೊಳಿಸುತ್ತಿದೆ. ಇಸ್ರೇಲಿನಲ್ಲಿ ಟೆಲ್ ಅವಿವ್ ಸುತ್ತಲಿನ ಕೊಳಚೆಯನ್ನು ಶಾಫ್ದಾನ್ ಘಟಕದಲ್ಲಿ ಸಂಸ್ಕರಿಸಿ, ಕರಾವಳಿಯ ಮರಳು ಬಯಲಿನಲ್ಲಿ ಇಂಗಿಸುತ್ತಾರೆ. ಅದು ದಪ್ಪ ಮರಳಿನ ಪದರದಲ್ಲಿ ತಿಂಗಳುಗಟ್ಟಲೆ ಸೋಸಿ ಇಳಿದ ಮೇಲೆ ಬಾವಿಗಳಿಂದ ಎತ್ತಿ ನೆಗೆವ್ ಮರುಭೂಮಿಯ ಹೊಲಗಳಿಗೆ ಕಳಿಸುತ್ತಾರೆ.

ಕೋಲಾರದ ನೆಲದಲ್ಲಿ ಆ ಮರಳಿಲ್ಲ. ಮೇಲೆ ಒಂದಷ್ಟು ಮಣ್ಣು ಮತ್ತು ಗರಸು, ಅದರ ಕೆಳಗೆ ಗಟ್ಟಿ ಬಂಡೆ. ಗರಸಿನ ಪದರದಲ್ಲಿ ನೀರು ನಿಧಾನವಾಗಿ ಇಳಿದು ಒಂದು ಮಟ್ಟಿಗೆ ಸೋಸುತ್ತದೆ. ಬಂಡೆಯ ಬಿರುಕು ಸಿಕ್ಕಿದರೆ ಸೋಸುವ ಮಾತೇ ಇಲ್ಲ, ಸೀದಾ ಕೊಳವೆಬಾವಿಗೆ ಇಳಿಯುತ್ತದೆ. ಎಷ್ಟೋ ಹಳ್ಳಿಗಳಲ್ಲಿ ನಲ್ಲಿಗೆ ನೀರು ಕೊಡುವುದು ಅಂಥದೇ ಕೊಳವೆಬಾವಿ. ಕೆರೆಯ ನೀರು ಬಾವಿಯ ಫ್ಲೋರೈಡನ್ನು ತೆಳುವಾಗಿಸಬಹುದು, ಅದರ ಜೊತೆಗೇ ನೈಟ್ರೇಟನ್ನು ತರಲೂಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿದ ಗೆರೆ ಫ್ಲೋರೈಡ್‌ಗೆ ಲೀಟರಿಗೆ ಗರಿಷ್ಠ 1.5 ಮಿಲಿಗ್ರಾಂ, ನೈಟ್ರೇಟ್‌ಗೆ 45 ಮಿಲಿಗ್ರಾಂ. ಯಾವ ಬಾವಿ ಯಾವ ಗೆರೆ ದಾಟಿದೆ ಎಂದು ತಿಳಿಯಲು ಪರೀಕ್ಷೆಯ ಹೊರತು ಬೇರೆ ದಾರಿಯಿಲ್ಲ.

ಎಚ್ಚರಿಕೆಯಿಂದ ನಡೆದರೆ ಏನಾಗುತ್ತದೆ ಎಂಬುದಕ್ಕೆ ದೇವನಹಳ್ಳಿಯ ಉದಾಹರಣೆ ಹತ್ತಿರದಲ್ಲೇ ಇದೆ. ಹೆಬ್ಬಾಳ-ನಾಗವಾರ ಕಣಿವೆಯ ನೀರು ಅಲ್ಲಿನ ಸಿಹಿನೀರು ಕೆರೆ ಸೇರಿತು. ಪಟ್ಟಣದ ಪುರಸಭೆ ಮತ್ತು ಬಯೋಮ್ ಸಂಸ್ಥೆ ಸೇರಿ ಕೆರೆಯ ಬಳಿಯ ಹಳೆಯ ತೆರೆದ ಬಾವಿಯನ್ನು ದುರಸ್ತಿ ಮಾಡಿದರು, ಆಳವಿಲ್ಲದ ಸೋಸುಬಾವಿಗಳನ್ನು ತೋಡಿಸಿದರು. ಆ ನೀರನ್ನು ಹಾಗೆಯೇ ನಲ್ಲಿಗೆ ಬಿಡಲಿಲ್ಲ. ಶುದ್ಧೀಕರಣ ಘಟಕದಲ್ಲಿ ಹಾಯಿಸಿ, ಪರೀಕ್ಷಿಸಿ, ಆಮೇಲೆ ಊರಿಗೆ ಕೊಟ್ಟರು. ಕೋಲಾರದ ಹಳ್ಳಿಗಳಿಗೂ ಇಷ್ಟೇ ಕಾಳಜಿ ಸಲ್ಲಬೇಕು.

ಊರಿನದೇ ಬಚ್ಚಲ ನೀರು

ದೂರದ ನಗರದ ನೀರಿನ ಮಾತಿನಲ್ಲಿ ಹಳ್ಳಿಯ ಸ್ವಂತ ಬಚ್ಚಲು ಮರೆತುಹೋಗುತ್ತದೆ. ಜಲಜೀವನ ಮಿಷನ್‌ನಡಿ ತಲೆಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕವಿದೆ. ಸಾವಿರ ಜನರ ಊರಿಗೆ 55 ಸಾವಿರ ಲೀಟರ್. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಬಚ್ಚಲು, ಅಡುಗೆಮನೆಯಿಂದ ಹೊರಬರುತ್ತದೆ. ನಲ್ಲಿ ಬಂತು, ನೀರು ಹೋಗುವ ದಾರಿಯ ಚಿಂತೆ ಹಿಂದೆ ಬಿತ್ತು. ಬೀದಿ ಬದಿಯ ಸಿಮೆಂಟು ಚರಂಡಿಯಲ್ಲಿ ನಿಂತ ನೀರು ಸೊಳ್ಳೆಗೆ ತವರಾಯಿತು.

ಹಿಂದಿನ ಮನೆಗಳಿಗೆ ಈ ಸಮಸ್ಯೆ ಇರಲಿಲ್ಲ. ಕರಾವಳಿಯಲ್ಲಿ ಬಚ್ಚಲ ಹಿಂದೆ ಬಸಳೆ ಚಪ್ಪರ, ಮಲೆನಾಡಿನಲ್ಲಿ ಕೆಸು ಮತ್ತು ಬಾಳೆ, ಬಯಲುಸೀಮೆಯ ಹಿತ್ತಲಲ್ಲಿ ಒಂದು ತೆಂಗು ಅಥವಾ ನುಗ್ಗೆ. ಜಾಗವಿದ್ದವರಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹಿತ್ತಲಿಲ್ಲದ ಮನೆಗೆ ಬಚ್ಚಲುಗುಂಡಿ ಇದೆ. ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದ ಗ್ರಾಮ ಪಂಚಾಯಿತಿಗಳು ಇವನ್ನು ಅಭಿಯಾನವಾಗಿ ತೋಡಿಸಿವೆ. ಮೊದಲು ಒಂದು ಸಣ್ಣ ತೊಟ್ಟಿ, ಅಲ್ಲಿ ಜಿಡ್ಡು, ಅನ್ನದಗುಳು, ಮಣ್ಣು ನಿಲ್ಲಬೇಕು. ಅಲ್ಲಿಂದ ತಿಳಿನೀರು ಗುಂಡಿಗೆ ಇಳಿದು ಸುತ್ತಲಿನ ಮಣ್ಣಿಗೆ ಇಂಗಬೇಕು. ಸಣ್ಣ ತೊಟ್ಟಿಯನ್ನು ಆಗಾಗ ತೆಗೆದು ಸ್ವಚ್ಛ ಮಾಡದಿದ್ದರೆ ಒಂದೆರಡು ವರ್ಷದಲ್ಲೇ ಗುಂಡಿ ಕಟ್ಟಿಕೊಳ್ಳುತ್ತದೆ. ಶೌಚಾಲಯದ ನೀರನ್ನು ಇದಕ್ಕೆ ಬಿಡುವಂತಿಲ್ಲ, ಕುಡಿಯುವ ನೀರಿನ ಬಾವಿಯ ಪಕ್ಕ ತೋಡುವಂತಿಲ್ಲ. ಈ ಎರಡು ನಿಯಮ ತಪ್ಪಿದ ಕಡೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಮಳೆಯನ್ನು ಮರೆತರೆ

2021ರ ನವೆಂಬರ್‌ನಲ್ಲಿ ಕೋಲಾರ ಸೀಮೆಯಲ್ಲಿ ಅಪರೂಪದ ಮಳೆ ಸುರಿಯಿತು. ವರ್ಷಗಟ್ಟಲೆ ಕೋಡಿ ಕಾಣದ ಕೆರೆಗಳು ಉಕ್ಕಿ ಹರಿದವು. ಕೊಳವೆಬಾವಿ ಬರುವ ಮೊದಲಿನ ಕೋಲಾರ ಬದುಕಿದ್ದು ಇದೇ ನೀರಿನ ಮೇಲೆ ಎಂಬುದನ್ನು ಆ ಮಳೆ ತೋರಿಸಿತು. ಸಂಸ್ಕರಿತ ನೀರು ವರ್ಷವಿಡೀ ಬರುತ್ತದೆ ಎಂಬ ಧೈರ್ಯದಲ್ಲಿ ರಾಜಕಾಲುವೆ ಒತ್ತುವರಿ ತೆರವು, ಹೂಳೆತ್ತುವ ಕೆಲಸ ಹಿಂದೆ ಬೀಳಬಾರದು. ಮೊದಲೇ ತುಂಬಿ ನಿಂತ ಕೆರೆಗೆ ದೊಡ್ಡ ಮಳೆ ಬಂದರೆ ಕೋಡಿ ಬೇಗ ಬೀಳುತ್ತದೆ, ಕಾಲುವೆ ಇಲ್ಲದಿದ್ದರೆ ಆ ನೀರು ನುಗ್ಗುವುದು ಬೆಳೆದು ನಿಂತ ರಾಗಿ ಹೊಲಕ್ಕೆ. ಸಾವಿರ ಚದರ ಅಡಿಯ ಚಾವಣಿಯ ಮೇಲೆ ವರ್ಷದ 700 ಮಿಲಿಮೀಟರ್ ಮಳೆ ಬಿದ್ದರೆ 65 ಸಾವಿರ ಲೀಟರ್ ಆಗುತ್ತದೆ. ಫ್ಲೋರೈಡ್ ಇಲ್ಲದ ಈ ನೀರನ್ನು ಶಾಲೆ, ಅಂಗನವಾಡಿಗಳ ಚಾವಣಿಯಲ್ಲಿ ಹಿಡಿದಿಟ್ಟರೆ ಮಕ್ಕಳ ಕುಡಿಯುವ ನೀರಿಗೆ ದೊಡ್ಡ ಆಸರೆ.

ಕೇಳಬೇಕಾದ್ದು

ಬೆಂಗಳೂರಿನ ನೀರು ಕೋಲಾರಕ್ಕೆ ಹೋಗುವುದು ಸರಿಯಾದ ಕೆಲಸ. ಅದು ಬೆಳ್ಳಂದೂರಿನಲ್ಲಿ ಕೊಳೆಯುವುದಕ್ಕಿಂತ, ನದಿಯನ್ನು ಕೆಡಿಸುತ್ತಾ ಗಡಿ ದಾಟುವುದಕ್ಕಿಂತ ಲಕ್ಷ್ಮೀಸಾಗರದಲ್ಲಿ ನಿಂತು ನೆಲಕ್ಕಿಳಿಯುವುದು ಮೇಲು. ಆದರೆ ಎರಡನೇ ಹಂತಕ್ಕೇ ನಿಲ್ಲಿಸಿದ್ದು ಅರ್ಧ ಕೆಲಸ. ನೀರು ಮಾರಿ ಶುಲ್ಕ ಪಡೆಯುವ ನಗರ, ಅದನ್ನು ಮರಳಿ ಕೊಡುವಾಗ ಮೂರನೇ ಹಂತದ ಖರ್ಚನ್ನು ಹೊರಬೇಕು. ಪ್ರತಿ ಕೆರೆಯ, ಕುಡಿಯುವ ನೀರಿನ ಪ್ರತಿ ಕೊಳವೆಬಾವಿಯ ಪರೀಕ್ಷಾ ಫಲಿತಾಂಶ ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಕನ್ನಡದಲ್ಲಿ ಬರಬೇಕು, ಗ್ರಾಮಸಭೆಯಲ್ಲಿ ಓದಬೇಕು. ಕಡತದಲ್ಲಿ ಮಲಗಿದ ವರದಿಯಿಂದ ಊರಿಗೆ ಉಪಯೋಗವಿಲ್ಲ.

ಬೆಂಗಳೂರಿನ ಓದುಗರಿಗೂ ಒಂದು ಮಾತು. ಉಳಿದ ಬಣ್ಣ, ಥಿನ್ನರ್, ಆಸಿಡ್, ಅವಧಿ ಮುಗಿದ ಮಾತ್ರೆ, ಕರಿದ ಎಣ್ಣೆ ಇವನ್ನು ಸಿಂಕಿಗೂ ಕಮೋಡಿಗೂ ಸುರಿಯಬೇಡಿ. ಕೆ.ಸಿ. ವ್ಯಾಲಿಯ ವ್ಯಾಪ್ತಿಯಲ್ಲಿ ನಿಮ್ಮ ಮನೆಯಿದ್ದರೆ, ನೀವು ಇವತ್ತು ಚರಂಡಿಗೆ ಬಿಟ್ಟದ್ದರಲ್ಲಿ ಘಟಕ ಹಿಡಿಯಲಾರದ್ದೆಲ್ಲ ಕೋಲಾರದ ಯಾವುದೋ ಕೆರೆಗೆ ತಲುಪುತ್ತದೆ. ಅದರ ಕೆಳಗಿನ ತೋಟದ ಟೊಮೆಟೊ, ಅದೇ ದಡದಲ್ಲಿ ಮೇದ ಹಸುವಿನ ಹಾಲು ಮರಳಿ ಬರುವುದು ನಿಮ್ಮದೇ ಅಡುಗೆಮನೆಗೆ.